ಆಸ್ಪತ್ರೆ ದಾಖಲೆ ಹಂಚಿಕೊಳ್ಳಲು ಯಾವ ಸ್ಟ್ಯಾಂಡರ್ಡ್? ಎಚ್‌ಎಲ್7, ಫೈರ್, ಓಪನ್‌ಇಎಚ್‌ಆರ್, ಡೈಕಾಂ: ಎಲ್ಲಿಗೆ ಯಾವುದು

ಹೊಸ ಸಾಫ್ಟ್‌ವೇರ್ ತಗೊಳ್ಳುವ ಮಾತು ಶುರುವಾದ ಕೂಡಲೇ ಆಸ್ಪತ್ರೆಗಳಲ್ಲಿ ಒಂದು ಪ್ರಶ್ನೆ ಏಳುತ್ತದೆ: ಯಾವ ಸ್ಟ್ಯಾಂಡರ್ಡ್, ಅಂದರೆ ಒಂದು ಸಾಫ್ಟ್‌ವೇರ್ ಕಳಿಸಿದ ಮಾಹಿತಿಯನ್ನು ಇನ್ನೊಂದು ಓದಲು ಎಲ್ಲರೂ ಒಪ್ಪಿಕೊಂಡ ಯಾವ ನಿಯಮ, ಇಟ್ಟುಕೊಳ್ಳೋಣ? ಸಾಫ್ಟ್‌ವೇರ್ ಮಾರುವವರು ‘ನಮ್ಮದು ಫೈರ್ ರೆಡಿ’ ಅನ್ನುತ್ತಾರೆ. ಲ್ಯಾಬ್‌ನವರು ‘ನಮ್ಮ ಮಷೀನಿಗೆ ಎಚ್‌ಎಲ್7 ಬೇಕು’ ಅನ್ನುತ್ತಾರೆ. ರೇಡಿಯಾಲಜಿಯವರಿಗೆ ಸ್ಕ್ಯಾನ್ ಚಿತ್ರಗಳ ಸ್ಟ್ಯಾಂಡರ್ಡ್ ಆದ ಡೈಕಾಂ ಬಿಟ್ಟರೆ ಬೇರೆ ಮಾತಿಲ್ಲ. ಆಡಳಿತದವರಿಗೆ ಕೇಂದ್ರ ಸರ್ಕಾರದ ಡಿಜಿಟಲ್ ಆರೋಗ್ಯ ಯೋಜನೆಯಾದ ಎಬಿಡಿಎಂ ಆದರೆ ಸಾಕು. ಎಲ್ಲರೂ ಹೇಳುವುದು ಸರಿಯೇ. ಒಬ್ಬೊಬ್ಬರು ನೋಡುತ್ತಿರುವುದು ಒಂದೊಂದು ದಾರಿಯನ್ನು, ಅಷ್ಟೇ.

ಹಾಗಾಗಿ ಇವುಗಳಲ್ಲಿ ಒಂದನ್ನು ಹಿಡಿದು ಉಳಿದದ್ದನ್ನು ಬಿಡುವ ಪ್ರಶ್ನೆ ಬರುವುದಿಲ್ಲ. ಮಾಹಿತಿ ಎಲ್ಲಿಂದ ಎಲ್ಲಿಗೆ ಹೋಗಬೇಕು, ಅಲ್ಲಿ ಅದನ್ನು ಓದುವವರು ಮನುಷ್ಯರೋ ಕಂಪ್ಯೂಟರೋ ಅನ್ನುವುದನ್ನು ಮೊದಲು ಗೊತ್ತು ಮಾಡಿಕೊಂಡರೆ ಆಯ್ಕೆ ತಾನಾಗಿಯೇ ಸಣ್ಣದಾಗುತ್ತದೆ. ನನ್ನ ಅಭಿಪ್ರಾಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ನಿಮ್ಮ ಹತ್ತಿರ ದುಡ್ಡು, ಜನ, ಸಮಯ ಎಲ್ಲವೂ ಕಡಿಮೆ ಇದ್ದರೆ, ಇರುವುದನ್ನು ಮೊದಲು ಕೋಡ್ (ಟೆಸ್ಟಿಗೆ, ಕಾಯಿಲೆಗೆ ಕೊಡುವ ಗುರುತಿನ ಸಂಖ್ಯೆ) ಮತ್ತು ಯೂನಿಟ್ (ಅಳತೆಯ ಮಾನ) ಸರಿಮಾಡಲು ಹಾಕಿ. ಸಂದೇಶ ಯಾವ ರೂಪದಲ್ಲಿ ಹೋಗಬೇಕು ಅನ್ನುವುದು ಅದರ ನಂತರದ ಮಾತು.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಜಿಲ್ಲಾ ಕೇಂದ್ರವೊಂದರಲ್ಲಿ ನೂರು ಹಾಸಿಗೆಯ ಖಾಸಗಿ ಆಸ್ಪತ್ರೆ. ಒಳಗೇ ಲ್ಯಾಬ್, ಎಕ್ಸ್‌ರೇ, ಸಿಟಿ ಸ್ಕ್ಯಾನ್ ಇವೆ. ಬಹಳ ವರ್ಷದಿಂದ ಶುಗರ್ ಇರುವ ಒಬ್ಬ ಹೆಣ್ಣುಮಗಳು ಅಲ್ಲಿಗೆ ಬರುತ್ತಿದ್ದಾರೆ. ಈಗ ಕಿಡ್ನಿಗೂ ತೊಂದರೆ ಬಂದಿದೆ, ಬೆಂಗಳೂರಿನ ಕಿಡ್ನಿ ತಜ್ಞರ ಹತ್ತಿರ ಕಳಿಸಬೇಕು. ಇವತ್ತು ಅವರ ಜೊತೆ ಹೋಗುವುದು ಪ್ಲಾಸ್ಟಿಕ್ ಕವರಿನ ತುಂಬ ಚೀಟಿ, ಮಾಸಿದ ರಿಪೋರ್ಟು, ಒಂದು ಸಿಡಿ. ಬೆಂಗಳೂರಿನ ಡಾಕ್ಟರಿಗೆ ಬೇಕಾಗಿರುವುದು ಮೂರೇ ವಿಷಯ. ಕಿಡ್ನಿಯ ಸ್ಥಿತಿ ತಿಳಿಸುವ ರಕ್ತಪರೀಕ್ಷೆ ಕ್ರಿಯಾಟಿನಿನ್ ಎರಡು ವರ್ಷದಲ್ಲಿ ಹೇಗೆ ಏರಿದೆ? ಯಾವ್ಯಾವ ಮಾತ್ರೆ ನಡೆಯುತ್ತಿದೆ? ಸ್ಕ್ಯಾನಿನಲ್ಲಿ ಏನು ಕಾಣುತ್ತದೆ? ಈ ಮೂರೂ ಬೇರೆ ಬೇರೆ ಕಡೆ ಹುಟ್ಟುತ್ತವೆ, ಬೇರೆ ಬೇರೆ ದಾರಿಯಲ್ಲಿ ಹೋಗುತ್ತವೆ.

ಕಟ್ಟಡದ ಒಳಗೆ: ಎಚ್‌ಎಲ್7ನ ಎರಡನೇ ಆವೃತ್ತಿ

ಎಚ್‌ಎಲ್7 ಸಂಸ್ಥೆ ಅಮೆರಿಕದಲ್ಲಿ 1987ರಲ್ಲಿ ಶುರುವಾಯಿತು. ಅದರ ಎರಡನೇ ಆವೃತ್ತಿಯ ಸಂದೇಶಗಳು ನೋಡಲು ಅಂದವಾಗಿಲ್ಲ. ಸಾಲು ಸಾಲಾಗಿ ಅಕ್ಷರಗಳು, ನಡುವೆ ನಿಂತ ಗೆರೆಗಳು. ಆದರೆ ಕೆಲಸ ಗಟ್ಟಿ. ರೋಗಿ ದಾಖಲಾದರು, ವಾರ್ಡ್ ಬದಲಾಯಿತು, ಟೆಸ್ಟ್ ಬರೆದರು, ರಿಸಲ್ಟ್ ಬಂತು ಅನ್ನುವ ಪ್ರತಿಯೊಂದು ಘಟನೆಗೂ ಒಂದೊಂದು ಸಂದೇಶ ಹೊರಡುತ್ತದೆ. ಲ್ಯಾಬ್ ರಿಸಲ್ಟಿನ ಸಾಲನ್ನು ಹತ್ತಿರದಿಂದ ನೋಡಿದರೆ ಐದನೇ ಖಾನೆಯಲ್ಲಿ ಫಲಿತಾಂಶದ ಅಂಕಿ, ಆರನೆಯದರಲ್ಲಿ ಯೂನಿಟ್, ಏಳನೆಯದರಲ್ಲಿ ನಾರ್ಮಲ್ ರೇಂಜ್, ಎಂಟನೆಯದರಲ್ಲಿ ಜಾಸ್ತಿಯೋ ಕಡಿಮೆಯೋ ಅನ್ನುವ ಗುರುತು ಇರುತ್ತದೆ. ಮೂವತ್ತು ವರ್ಷಕ್ಕೂ ಮೇಲೆ ಜಗತ್ತಿನ ಆಸ್ಪತ್ರೆಗಳು ಇದರ ಮೇಲೆ ನಡೆದಿವೆ.

ನಿಮ್ಮ ಲ್ಯಾಬ್ ಮಷೀನು ಇದನ್ನು ಅಥವಾ ಇದಕ್ಕಿಂತ ಸರಳವಾದ ಎಎಸ್‌ಟಿಎಂ ರೂಪವನ್ನು ಕಳಿಸುತ್ತಿದ್ದರೆ ಹಾಗೇ ಬಿಡಿ. ‘ಇದು ಹಳೆಯದು, ಎಲ್ಲವನ್ನೂ ಫೈರ್‌ಗೆ ಬದಲಾಯಿಸೋಣ’ ಅನ್ನುವವರ ಮಾತಿಗೆ ಒಪ್ಪಬೇಡಿ. ಚೆನ್ನಾಗಿ ಓಡುತ್ತಿರುವ ಸಂಪರ್ಕವನ್ನು ಕಿತ್ತು ಹೊಸದನ್ನು ಹಾಕಿದರೆ ರೋಗಿಗೆ ಯಾವ ಲಾಭವೂ ಇಲ್ಲ, ಲ್ಯಾಬ್‌ನವರಿಗೆ ತಿಂಗಳುಗಟ್ಟಲೆ ತಲೆನೋವು.

ಇದರ ಕೊರತೆ ಬೇರೆ ಕಡೆ ಇದೆ. ಖಾನೆಗಳಿಗೆ ನಿಯಮ ಸಡಿಲ. ಎರಡು ಕಂಪನಿಗಳ ಸಾಫ್ಟ್‌ವೇರ್ ಒಂದೇ ಆವೃತ್ತಿ ಬಳಸಿದರೂ ಒಂದೇ ರೀತಿ ಬಳಸುವುದಿಲ್ಲ. ಬೇಕಾದವರು ತಮ್ಮದೇ ಹೊಸ ಸಾಲುಗಳನ್ನು ಸೇರಿಸಿಕೊಳ್ಳಬಹುದು, ಸೇರಿಸಿಕೊಂಡೂ ಇರುತ್ತಾರೆ. ಆದ್ದರಿಂದ ಒಂದೊಂದು ಸಂಪರ್ಕಕ್ಕೂ ಎರಡೂ ಕಡೆಯವರು ಕೂತು ಮಾತಾಡಲೇಬೇಕು. ಕಟ್ಟಡದ ಒಳಗೆ ಇದು ಸಾಧ್ಯ. ಊರಾಚೆಯ ಗೊತ್ತಿಲ್ಲದ ನೂರು ಆಸ್ಪತ್ರೆಗಳ ಜೊತೆ ಸಾಧ್ಯವಿಲ್ಲ.

ನಮ್ಮ ಕಡೆ ತಪ್ಪದೆ ನೋಡಬೇಕಾದ ಎರಡು ಸಣ್ಣ ವಿಷಯ ಇಲ್ಲಿವೆ. ಒಂದು, ರೋಗಿಯ ಹೆಸರನ್ನು ಕನ್ನಡದಲ್ಲಿ ಇಡುತ್ತೀರಾದರೆ ಸಂದೇಶದ ಮೊದಲ ಸಾಲಿನ 18ನೇ ಖಾನೆಯಲ್ಲಿ ಯೂನಿಕೋಡ್ ಎಂದು ತಿಳಿಸಿ, ಆ ಕಡೆಯ ಸಾಫ್ಟ್‌ವೇರ್ ಅದನ್ನು ಓದುತ್ತದೆಯೇ ಅಂತಲೂ ನೋಡಿ. ಇಲ್ಲದಿದ್ದರೆ ಲಕ್ಷ್ಮಮ್ಮ ಹೋಗಿ ಬರೀ ಪ್ರಶ್ನಾರ್ಥಕ ಚಿಹ್ನೆಗಳು ಬರಬಹುದು. ಎರಡು, ಹುಟ್ಟಿದ ತಾರೀಖು. ವಯಸ್ಸಾದ ಎಷ್ಟೋ ಜನರಿಗೆ ಹುಟ್ಟಿದ ವರ್ಷ ಮಾತ್ರ ಗೊತ್ತು, ಅದೂ ಅಂದಾಜು. ಕೌಂಟರಿನಲ್ಲಿ ಸುಮ್ನೆ ಜನವರಿ 1 ಅಂತ ಹಾಕಿಬಿಡುತ್ತಾರೆ. ಆಮೇಲೆ ಒಂದೇ ಹೆಸರು, ಒಂದೇ ತಾರೀಖಿನ ಇಬ್ಬರ ದಾಖಲೆ ಒಂದಾಗುವ ಅಪಾಯ ಇದೆ. ವರ್ಷವನ್ನಷ್ಟೇ ಬರೆಯಲು ಎಚ್‌ಎಲ್7ನಲ್ಲೂ ಅವಕಾಶವಿದೆ, ಫೈರ್‌ನಲ್ಲೂ ಇದೆ. ಸಾಫ್ಟ್‌ವೇರ್‌ನವರ ಹತ್ತಿರ ಅದನ್ನು ಮಾಡಿಸಿ.

ಊರಾಚೆಗೆ: ಫೈರ್

ಫೈರ್ ಕೂಡ ಎಚ್‌ಎಲ್7 ಸಂಸ್ಥೆಯದೇ. ಆಸ್ಟ್ರೇಲಿಯಾದ ಗ್ರಹಾಂ ಗ್ರೀವ್ 2011ರಲ್ಲಿ ಇದರ ಮೊದಲ ಕರಡು ಮುಂದಿಟ್ಟರು. ವೆಬ್‌ಸೈಟುಗಳು, ಮೊಬೈಲ್ ಆ್ಯಪ್‌ಗಳು ಮಾಹಿತಿ ತರುವ ರೀತಿಯಲ್ಲೇ ಇದೂ ನಡೆಯುತ್ತದೆ. ರೋಗಿ, ಟೆಸ್ಟ್ ಫಲಿತಾಂಶ, ಔಷಧ, ಅಲರ್ಜಿ, ಭೇಟಿ ಹೀಗೆ ಮಾಹಿತಿಯನ್ನು ಸಣ್ಣ ಸಣ್ಣ ತುಂಡುಗಳಾಗಿ ಇಟ್ಟು, ಒಂದರಿಂದ ಇನ್ನೊಂದಕ್ಕೆ ಕೊಂಡಿ ಹಾಕುತ್ತಾರೆ. ಈಗಷ್ಟೇ ಕಾಲೇಜು ಮುಗಿಸಿ ಬಂದ ಹುಡುಗ ಹುಡುಗಿಯರಿಗೂ ಬೇಗ ಕೈಗೆ ಹತ್ತುತ್ತದೆ. ಇದು ಸಣ್ಣ ಲಾಭವಲ್ಲ, ಹಳೆಯ ಎಚ್‌ಎಲ್7 ಬಲ್ಲವರು ಸಿಗುವುದು ಕಷ್ಟವಾಗುತ್ತಿದೆ.

ಭಾರತದಲ್ಲಿ ಕೆಲಸ ಮಾಡುವವರಿಗೆ ಆಸ್ಪತ್ರೆಯಿಂದ ಹೊರಗೆ ಹೋಗುವ ಮಾಹಿತಿಯ ಮಟ್ಟಿಗೆ ಆಯ್ಕೆಯ ಪ್ರಶ್ನೆ ಹೆಚ್ಚು ಕಡಿಮೆ ಮುಗಿದಿದೆ. ಕೇಂದ್ರ ಆರೋಗ್ಯ ಸಚಿವಾಲಯ ದಾಖಲೆಗಳ ಮಾನದಂಡವನ್ನು 2013ರಲ್ಲಿ ಹೊರಡಿಸಿ 2016ರಲ್ಲಿ ಪರಿಷ್ಕರಿಸಿತು. ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್, ಅಂದರೆ ಎಬಿಡಿಎಂ, 2021ರ ಸೆಪ್ಟೆಂಬರ್ 27ರಂದು ದೇಶಕ್ಕೆಲ್ಲ ತೆರೆದುಕೊಂಡಿತು. ಅದು ಆರಿಸಿಕೊಂಡಿದ್ದು ಫೈರ್‌ನ ನಾಲ್ಕನೇ ಬಿಡುಗಡೆಯನ್ನು. 2023ರಲ್ಲಿ ಐದನೆಯದೂ ಬಂದಿದೆ. ಆದರೆ ಹೊಸದು ಅಂತ ಅದನ್ನು ಹಿಡಿಯಲು ಹೋಗಬೇಡಿ, ಎಬಿಡಿಎಂಗೆ ಬೇಕಿರುವುದು ನಾಲ್ಕನೆಯದೇ.

ಫೈರ್ ಅಂತ ಬರೀ ಹೇಳಿದರೂ ಸಾಲದು. ಮೂಲ ಫೈರ್ ಕೂಡ ಬಹಳ ಸಡಿಲ. ಯಾವ ಖಾನೆ ಕಡ್ಡಾಯ, ಯಾವ ಕೋಡ್ ಬಳಸಬೇಕು ಅಂತ ಒಂದೊಂದು ದೇಶವೂ ತನ್ನ ನಿಯಮ ಮಾಡಿಕೊಳ್ಳುತ್ತದೆ. ಅದಕ್ಕೆ ಪ್ರೊಫೈಲ್ ಅನ್ನುತ್ತಾರೆ. ನಮ್ಮ ದೇಶದ ಪ್ರೊಫೈಲ್‌ಗಳನ್ನು ಮಾಡುವುದು ಪುಣೆಯಲ್ಲಿ, ಕೇಂದ್ರ ಸರ್ಕಾರದ ಕಂಪ್ಯೂಟರ್ ಸಂಶೋಧನಾ ಸಂಸ್ಥೆಯಾದ ಸಿ-ಡ್ಯಾಕ್‌ನಲ್ಲಿರುವ ಎನ್‌ಆರ್‌ಸಿಇಎಸ್ ಕೇಂದ್ರ. ಒಪಿಡಿ ಭೇಟಿ, ಔಷಧ ಚೀಟಿ, ಡಿಸ್ಚಾರ್ಜ್ ಸಮ್ಮರಿ, ಲ್ಯಾಬ್ ಮತ್ತು ಸ್ಕ್ಯಾನ್ ರಿಪೋರ್ಟು, ಲಸಿಕೆ ದಾಖಲೆ ಹೀಗೆ ಒಂದೊಂದಕ್ಕೂ ಒಂದೊಂದು ನಮೂನೆ ಇದೆ. ಅಮೆರಿಕದ ಆಸ್ಪತ್ರೆಗಳಿಗೆ ಫೈರ್ ಮಾಡಿಕೊಟ್ಟ ಕಂಪನಿ ಇಲ್ಲಿಗೂ ಅದನ್ನೇ ತಂದರೆ ಸಾಕಾಗುವುದಿಲ್ಲ.

ಎಬಿಡಿಎಂ ಬಗ್ಗೆ ಒಂದು ತಪ್ಪು ತಿಳಿವಳಿಕೆ ಜನರಲ್ಲೂ ಡಾಕ್ಟರುಗಳಲ್ಲೂ ಇದೆ. ಎಲ್ಲ ದಾಖಲೆ ದೆಹಲಿಯ ಯಾವುದೋ ಕಂಪ್ಯೂಟರಿಗೆ ಹೋಗಿ ಕೂರುತ್ತದೆ ಅಂದುಕೊಳ್ಳುತ್ತಾರೆ. ಹಾಗಲ್ಲ. ದಾಖಲೆ ಹುಟ್ಟಿದ ಆಸ್ಪತ್ರೆಯ ಹತ್ತಿರವೇ ಉಳಿಯುತ್ತದೆ. ರೋಗಿಯ 14 ಅಂಕಿಯ ಆಭಾ ಸಂಖ್ಯೆಗೆ, ಅಂದರೆ ಎಬಿಡಿಎಂನಲ್ಲಿ ಅವರ ಗುರುತಿನ ಸಂಖ್ಯೆಗೆ, ‘ಇಂಥ ಕಡೆ ಇಂಥ ದಾಖಲೆ ಇದೆ’ ಅನ್ನುವ ಕೊಂಡಿ ಮಾತ್ರ ಸೇರುತ್ತದೆ. ಬೆಂಗಳೂರಿನ ಡಾಕ್ಟರು ಕೇಳಿದಾಗ ರೋಗಿಯ ಮೊಬೈಲಿಗೆ ವಿನಂತಿ ಬರುತ್ತದೆ. ಯಾವ ಬಗೆಯ ದಾಖಲೆ, ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ, ಎಷ್ಟು ದಿನ ನೋಡಬಹುದು ಅನ್ನುವುದೆಲ್ಲ ಅದರಲ್ಲಿರುತ್ತದೆ. ರೋಗಿ ಒಪ್ಪಿದರೆ ಮಾತ್ರ ಮಾಹಿತಿ ಬೀಗ ಹಾಕಿದ ರೂಪದಲ್ಲಿ ಹೊರಡುತ್ತದೆ, ಕೇಳಿದವರ ಕೀಲಿಗೆ ಮಾತ್ರ ತೆರೆಯುತ್ತದೆ. ವ್ಯವಸ್ಥೆಯ ಈ ಭಾಗ ನನಗೆ ನಿಜಕ್ಕೂ ಇಷ್ಟ. ಜೊತೆಗೆ, ಸ್ಮಾರ್ಟ್‌ಫೋನ್ ಇಲ್ಲದ, ಮಗನ ನಂಬರನ್ನೇ ಕೊಟ್ಟಿರುವ ತಾಯಂದಿರಿಗೆ ಈ ಒಪ್ಪಿಗೆ ಏನು ಅಂತ ಕೌಂಟರಿನಲ್ಲಿ ಯಾರಾದರೂ ಕೂತು ಕನ್ನಡದಲ್ಲಿ ಹೇಳಬೇಕು. ಆ ಒಬ್ಬರ ಸಂಬಳವನ್ನೂ ಯೋಜನೆಯ ಖರ್ಚಿಗೆ ಸೇರಿಸಿ.

ಸಾಫ್ಟ್‌ವೇರ್‌ಗೆ ಎಬಿಡಿಎಂ ಅನುಮೋದನೆ ಸಿಗುವುದು ಮೂರು ಮೆಟ್ಟಿಲಲ್ಲಿ. ಮೊದಲು ಆಭಾ ಮಾಡುವುದು ಮತ್ತು ಪರಿಶೀಲಿಸುವುದು, ಆಮೇಲೆ ದಾಖಲೆ ಕೊಡುವುದು, ಕೊನೆಗೆ ಬೇರೆಯವರ ದಾಖಲೆ ತರಿಸಿಕೊಳ್ಳುವುದು. ಸ್ಯಾಂಡ್‌ಬಾಕ್ಸ್ ಅನ್ನುವ ಪ್ರಯೋಗದ ವ್ಯವಸ್ಥೆಯಲ್ಲಿ ಪರೀಕ್ಷೆ, ಮೇಲೆ ಭದ್ರತಾ ಆಡಿಟ್. ‘ನಾವು ಎಬಿಡಿಎಂ ಮಾಡಿದ್ದೇವೆ’ ಅನ್ನುವವರನ್ನು ಎಷ್ಟನೇ ಮೆಟ್ಟಿಲು ಅಂತ ಕೇಳಿ. ಮೊದಲನೆಯದರಲ್ಲೇ ನಿಂತವರು ಆಭಾ ನಂಬರ್ ಮಾಡಿಕೊಡುತ್ತಾರೆ, ದಾಖಲೆ ಹಂಚಿಕೊಳ್ಳುವುದಿಲ್ಲ.

ಕೋಡ್ ಮತ್ತು ಯೂನಿಟ್: ಕೆಲಸ ಇರುವುದೇ ಇಲ್ಲಿ

ಫೈರ್ ದಾಖಲೆಯೊಳಗೆ ಪಿಡಿಎಫ್ ಇಟ್ಟು ಕಳಿಸಲು ಅವಕಾಶವಿದೆ. ತುಂಬಾ ಜನ ಮಾಡುವುದೂ ಅದನ್ನೇ. ನಿಯಮದ ಪ್ರಕಾರ ತಪ್ಪಲ್ಲ, ಪ್ಲಾಸ್ಟಿಕ್ ಕವರಿಗಿಂತ ಖಂಡಿತ ವಾಸಿ. ಆದರೆ ಬೆಂಗಳೂರಿನ ಡಾಕ್ಟರು ಹದಿನೈದು ಪಿಡಿಎಫ್ ಒಂದೊಂದಾಗಿ ತೆರೆದು, ಕ್ರಿಯಾಟಿನಿನ್ ಎಲ್ಲಿದೆ ಅಂತ ಹುಡುಕಿ, ಪಕ್ಕದ ಹಾಳೆಯಲ್ಲಿ ಬರೆದುಕೊಳ್ಳಬೇಕು. ಎರಡು ವರ್ಷದ ಏರಿಕೆ ಗ್ರಾಫಾಗಿ ಮೂಡಬೇಕೆಂದರೆ ಅಂಕಿ ಅಂಕಿಯಾಗಿ ಬರಬೇಕು, ಅದರ ಜೊತೆ ಇದು ಯಾವ ಟೆಸ್ಟು, ಯಾವ ಯೂನಿಟ್ಟು ಅನ್ನುವುದೂ ಬರಬೇಕು.

ಲ್ಯಾಬ್ ಟೆಸ್ಟುಗಳಿಗೆ ಲಾಯಿಂಕ್ ಕೋಡ್. ಅಮೆರಿಕದ ರೀಗನ್‌ಸ್ಟ್ರೀಫ್ ಸಂಸ್ಥೆ 1994ರಲ್ಲಿ ಶುರುಮಾಡಿದ್ದು, ಬಳಕೆಗೆ ದುಡ್ಡಿಲ್ಲ. ನಮ್ಮ ಲ್ಯಾಬುಗಳಲ್ಲಿ ಎಫ್‌ಬಿಎಸ್, ಪಿಪಿಬಿಎಸ್, ಆರ್‌ಬಿಎಸ್ ಅನ್ನುತ್ತೇವಲ್ಲ, ಕೆಲವರು ಮೂರಕ್ಕೂ ‘ಗ್ಲೂಕೋಸ್’ ಅಂತಲೇ ಬರೆದಿರುತ್ತಾರೆ. ಖಾಲಿ ಹೊಟ್ಟೆಯ ಶುಗರ್‌ಗೆ 1558-6. ಊಟವಾಗಿ ಎರಡು ಗಂಟೆಯ ನಂತರದ್ದಕ್ಕೆ 1521-4. ಹೊತ್ತು ಹೇಳದ ಗ್ಲೂಕೋಸ್‌ಗೆ 2345-7. ಕಳೆದ ಎರಡು ಮೂರು ತಿಂಗಳ ಸರಾಸರಿ ಶುಗರ್ ಹೇಳುವ ಎಚ್‌ಬಿಎ1ಸಿಗೆ 4548-4. ಊಟದ ನಂತರದ 160 ಅನ್ನು ಖಾಲಿ ಹೊಟ್ಟೆಯದು ಅಂತ ಓದಿದರೆ ಚಿಕಿತ್ಸೆಯೇ ಬದಲಾಗಬಹುದು, ಅಲ್ವಾ?

ಯೂನಿಟ್ಟಿನ ತೊಂದರೆ ಇದಕ್ಕಿಂತ ದೊಡ್ಡದು. ನಮ್ಮಲ್ಲಿ ಕ್ರಿಯಾಟಿನಿನ್ ಬರೆಯುವುದು ಮಿಲಿಗ್ರಾಂ ಪ್ರತಿ ಡೆಸಿಲೀಟರ್‌ನಲ್ಲಿ. ಗಲ್ಫ್‌ನಲ್ಲಿ ದುಡಿದು ಕರಾವಳಿಗೆ ಮರಳಿದವರ ಹಳೆಯ ರಿಪೋರ್ಟಿನಲ್ಲಿ ಮೈಕ್ರೋಮೋಲ್ ಪ್ರತಿ ಲೀಟರ್ ಇರಬಹುದು. ನಮ್ಮ 1.4 ಅಲ್ಲಿ ಸುಮಾರು 124. ಲಾಯಿಂಕ್‌ನಲ್ಲಿ ಇವೆರಡಕ್ಕೂ ಬೇರೆ ಕೋಡ್‌ಗಳೇ ಇವೆ, 2160-0 ಮತ್ತು 14682-9. ಪ್ಲೇಟ್‌ಲೆಟ್ ನೋಡಿ. ಡೆಂಗಿ ಸಮಯದಲ್ಲಿ ಎಲ್ಲರ ಬಾಯಲ್ಲೂ ಅದೇ. ಒಂದು ಲ್ಯಾಬು ‘2.5 ಲಕ್ಷ’ ಅನ್ನುತ್ತದೆ, ಇನ್ನೊಂದು ‘2,50,000’ ಅಂತ ಅಚ್ಚುಹಾಕುತ್ತದೆ, ಮೂರನೆಯದರ ಮಷೀನು ಸಾವಿರದ ಲೆಕ್ಕದಲ್ಲಿ ‘250’ ಕೊಡುತ್ತದೆ. ಮೂರೂ ಒಂದೇ. ಲಕ್ಷ ಅನ್ನುವುದು ಅಂತರರಾಷ್ಟ್ರೀಯ ಯೂನಿಟ್ ಪಟ್ಟಿಯಾದ ಯುಕಮ್‌ನಲ್ಲಿ ಇಲ್ಲ. ಅದನ್ನು ಸಾವಿರದ ಲೆಕ್ಕಕ್ಕೆ ತರದೆ ಬರೀ 2.5 ಅಂತ ಕಳಿಸಿದರೆ ಆ ಕಡೆಯ ಗ್ರಾಫ್ 250ರಿಂದ ನೆಲಕ್ಕೆ ಬೀಳುತ್ತದೆ. ಜ್ವರದ ರೋಗಿಯ ಮನೆಯವರ ಎದೆ ಒಡೆಯಲು ಇಷ್ಟು ಸಾಕು.

ಕೆಲಸ ಎಷ್ಟು? ಇದೇ ಸಮಾಧಾನದ ವಿಷಯ. ನೂರು ಹಾಸಿಗೆಯ ಆಸ್ಪತ್ರೆಯ ಲ್ಯಾಬಿನಲ್ಲಿ ದಿನವೂ ನಡೆಯುವ ಟೆಸ್ಟುಗಳು ಕೆಲವೇ. ಅವುಗಳಿಂದ ಶುರುಮಾಡಿ. ಲಾಯಿಂಕ್‌ನವರೇ ಹೆಚ್ಚು ಬಳಕೆಯಾಗುವ ಸುಮಾರು 2,000 ಟೆಸ್ಟುಗಳ ಪಟ್ಟಿ ಕೊಡುತ್ತಾರೆ. ಲ್ಯಾಬ್ ಬಲ್ಲ ಒಬ್ಬರು ಮತ್ತು ಕಂಪ್ಯೂಟರ್ ಬಲ್ಲ ಒಬ್ಬರು ಒಟ್ಟಿಗೆ ಕೂರಬೇಕು. ಒಬ್ಬರೇ ಕೂತರೆ ತಪ್ಪಾಗುತ್ತದೆ.

ಕಾಯಿಲೆಗಳಿಗೆ ಎರಡು ಕೋಡ್ ಮಾತು ಬರುತ್ತದೆ, ಐಸಿಡಿ ಮತ್ತು ಸ್ನೋಮೆಡ್ ಸಿಟಿ. ಐಸಿಡಿ ಅಂಕಿಅಂಶಕ್ಕೆ, ವಿಮೆಗೆ. ಸ್ನೋಮೆಡ್ ಚಿಕಿತ್ಸೆಯ ವಿವರಕ್ಕೆ. ಟೈಪ್ 2 ಶುಗರ್ ಐಸಿಡಿ-10ರಲ್ಲಿ ಇ11, ಸ್ನೋಮೆಡ್‌ನಲ್ಲಿ 44054006. ಭಾರತ 2014ರಿಂದ ಸ್ನೋಮೆಡ್‌ನ ಸದಸ್ಯ ದೇಶವಾದ್ದರಿಂದ ಇಲ್ಲಿ ಬಳಸಲು ಲೈಸೆನ್ಸ್ ಶುಲ್ಕವಿಲ್ಲ, ನೋಂದಾಯಿಸಿಕೊಂಡರೆ ಆಯಿತು. ಹುಡುಕಿ ಸೇರಿಸಲು ಸಿ-ಡ್ಯಾಕ್‌ನ ಸಲಕರಣೆಯೂ ಇದೆ. ಆದರೆ ಒಪಿಡಿಯಲ್ಲಿ ಸಾಲುಗಟ್ಟಿದ ರೋಗಿಗಳ ಮುಂದೆ ಕೂತ ಡಾಕ್ಟರಿಗೆ ಪ್ರತಿ ಲಕ್ಷಣಕ್ಕೂ ಕೋಡ್ ಹಾಕಿ ಅನ್ನಬೇಡಿ, ಹಾಕುವುದಿಲ್ಲ. ಮುಖ್ಯ ಕಾಯಿಲೆ, ಅಲರ್ಜಿ, ಔಷಧ ಈ ಮೂರಕ್ಕೆ ಕೋಡ್ ಇರಲಿ. ಉಳಿದದ್ದನ್ನು ಅವರು ತಮ್ಮ ಮಾತಿನಲ್ಲೇ ಬರೆಯಲಿ.

ಉಳಿದ ಮೂರು

ಡೈಕಾಂ ಬಗ್ಗೆ ಚರ್ಚೆಯೇ ಬೇಡ. 1993ರಿಂದ ಈ ಹೆಸರಿನಲ್ಲಿ ಇದೆ, ಎಲ್ಲ ಕಂಪನಿಯ ಸ್ಕ್ಯಾನರುಗಳೂ ಒಪ್ಪಿಕೊಂಡಿವೆ. ಸ್ಕ್ಯಾನಿನ ಚಿತ್ರಗಳನ್ನು ಫೈರ್ ಒಳಗೆ ತುರುಕಬೇಡಿ. ಒಂದು ಸಿಟಿಯಲ್ಲಿ ನೂರಾರು ಚಿತ್ರ ಇರುತ್ತವೆ. ಅವು ಡೈಕಾಂ ಸರ್ವರಿನಲ್ಲೇ ಇರಲಿ, ರಿಪೋರ್ಟಿನಲ್ಲಿ ಅದರ ಗುರುತು ಇದ್ದರೆ ಸಾಕು. ದುಡ್ಡು ಕಡಿಮೆ ಇದ್ದರೆ ಆರ್ಥಾಂಕ್ ಅನ್ನುವ ಮುಕ್ತ ಸಾಫ್ಟ್‌ವೇರ್ ನೋಡಿ.

ಸಿಡಿಎ ಅನ್ನುವುದು ಎಚ್‌ಎಲ್7 ಸಂಸ್ಥೆಯದೇ ದಾಖಲೆಯ ರೂಪ, ಫೈರ್‌ಗಿಂತ ಮುಂಚಿನದು. ಎರಡನೇ ಬಿಡುಗಡೆ 2005ರದು. ಇಡೀ ಡಿಸ್ಚಾರ್ಜ್ ಸಮ್ಮರಿ ಒಂದೇ ಕಡತ. ಅಮೆರಿಕದಲ್ಲಿ ಇದರ ಬಳಕೆ ಈಗಲೂ ಜೋರಾಗಿದೆ. ಬೆಂಗಳೂರಿನಲ್ಲಿ ಕೂತು ಅಲ್ಲಿನ ಗ್ರಾಹಕರಿಗೆ ಕೆಲಸ ಮಾಡುವವರು ಕಲಿಯಲೇಬೇಕು. ಇಲ್ಲಿನ ಹೊಸ ಆಸ್ಪತ್ರೆಗೆ ಬೇಡ.

ಓಪನ್‌ಇಎಚ್‌ಆರ್ ಮಾತ್ರ ನಿಂತು ಯೋಚಿಸಬೇಕಾದ ಆಯ್ಕೆ. ಉಳಿದವು ಮಾಹಿತಿ ಕಳಿಸುವುದಕ್ಕೆ, ಇದು ಮೊದಲಿಗೆ ಮಾಹಿತಿ ಇಟ್ಟುಕೊಳ್ಳುವುದಕ್ಕೆ. ಒಂದೊಂದು ವೈದ್ಯಕೀಯ ವಿಷಯಕ್ಕೂ ಡಾಕ್ಟರುಗಳೇ ಸೇರಿ ಒಂದು ಮಾದರಿ ಮಾಡುತ್ತಾರೆ, ಅದಕ್ಕೆ ಆರ್ಕಿಟೈಪ್ ಅನ್ನುತ್ತಾರೆ. ಬಿಪಿಯ ಮಾದರಿ ತೆರೆದು ನೋಡಿ: ಮೇಲಿನದು, ಕೆಳಗಿನದು ಅಷ್ಟೇ ಅಲ್ಲ. ರೋಗಿ ಕೂತಿದ್ದರೋ ಮಲಗಿದ್ದರೋ, ಕೈಗೆ ಸುತ್ತುವ ಪಟ್ಟಿಯ ಅಳತೆ ಎಷ್ಟು, ಯಾವ ಕೈ ಅನ್ನುವುದಕ್ಕೂ ಜಾಗ ಇದೆ. ಫೈರ್‌ನಲ್ಲಿ ಸಾಮಾನ್ಯವಾಗಿ ಹೋಗುವುದು 85354-9 ಅನ್ನುವ ಕೋಡಿನ ಕೆಳಗೆ ಎರಡು ಅಂಕಿ. ರೆಫರಲ್‌ಗೆ ಅದು ಸಾಕು. ಇಪ್ಪತ್ತು ವರ್ಷ ರೋಗಿಗಳನ್ನು ಹಿಂಬಾಲಿಸುವ ಸಂಶೋಧನೆಗೆ ಸಾಲದು. ನಾರ್ವೆ, ಸ್ಲೊವೇನಿಯಾ, ಸ್ಪೇನಿನ ಕ್ಯಾಟಲೋನಿಯಾ ಈ ದಾರಿ ಹಿಡಿದಿವೆ. ಇದಕ್ಕೆ ಬೇಕಾದ ಮಾದರಿ ಬಲ್ಲವರು ನಮ್ಮಲ್ಲಿ ಕಡಿಮೆ, ಶುರುವಿನ ಖರ್ಚು ಜಾಸ್ತಿ. ದೊಡ್ಡ ಬೋಧನಾ ಆಸ್ಪತ್ರೆ, ಕ್ಯಾನ್ಸರ್ ಅಥವಾ ಮಾನಸಿಕ ಆರೋಗ್ಯದ ದೀರ್ಘಕಾಲದ ದಾಖಲೆ ಇಡುವ ಸಂಸ್ಥೆಗಳಾದರೆ ಯೋಚಿಸಿ. ಒಳಗೆ ಓಪನ್‌ಇಎಚ್‌ಆರ್, ಹೊರಗೆ ಫೈರ್, ಎರಡೂ ಒಟ್ಟಿಗೆ ನಡೆಯುತ್ತವೆ.

ಹಾಗಾದರೆ ನೀವು?

ಒಬ್ಬಿಬ್ಬರು ಡಾಕ್ಟರಿರುವ ಕ್ಲಿನಿಕ್ಕಾದರೆ ಈ ಯಾವ ಹೆಸರನ್ನೂ ತಲೆಗೆ ಹಚ್ಚಿಕೊಳ್ಳಬೇಡಿ. ಎರಡನೇ ಮೆಟ್ಟಿಲು ದಾಟಿದ ಎಬಿಡಿಎಂ ಸಾಫ್ಟ್‌ವೇರ್ ಚಂದಾಕ್ಕೆ ತಗೊಳ್ಳಿ. ಪ್ರತ್ಯೇಕ ಲ್ಯಾಬಾದರೆ ಲಾಯಿಂಕ್ ಮತ್ತು ಯೂನಿಟ್ಟಿನಿಂದ ಶುರುಮಾಡಿ, ಫೈರ್ ಆಮೇಲೆ. ನಮ್ಮ ಉದಾಹರಣೆಯ ನೂರು ಹಾಸಿಗೆಯ ಆಸ್ಪತ್ರೆಗೆ ಒಳಗೆ ಹಳೆಯ ಎಚ್‌ಎಲ್7, ಚಿತ್ರಕ್ಕೆ ಡೈಕಾಂ, ಗಡಿಯಲ್ಲಿ ಒಂದು ಅನುವಾದ ಸರ್ವರ್, ಆಚೆಗೆ ಎಬಿಡಿಎಂ ಫೈರ್. ಆ ಸರ್ವರಿಗೆ ಹ್ಯಾಪಿ ಫೈರ್‌ನಂಥ ಮುಕ್ತ ಸಾಫ್ಟ್‌ವೇರ್ ಇದೆ. ಸಂದೇಶವನ್ನು ಒಂದು ರೂಪದಿಂದ ಇನ್ನೊಂದಕ್ಕೆ ಬದಲಿಸುವ ಮಿರ್ತ್ ಕನೆಕ್ಟ್ ಅನ್ನು ಹಲವರು ಬಳಸುತ್ತಿದ್ದರು, ಆದರೆ 2025ರಲ್ಲಿ ಬಂದ ಹೊಸ ಆವೃತ್ತಿಯಿಂದ ಅದು ಮುಕ್ತವಾಗಿ ಉಳಿದಿಲ್ಲ. ಇಡೀ ಆಸ್ಪತ್ರೆ ವ್ಯವಸ್ಥೆಯೇ ಮುಕ್ತವಾಗಿ ಬೇಕಿದ್ದರೆ ಬಹ್ಮ್ನಿ ನೋಡಿ. ಛತ್ತೀಸ್‌ಗಢದ ಹಳ್ಳಿಗಾಡಿನ ಆಸ್ಪತ್ರೆಯಲ್ಲಿ ಬೆಳೆದದ್ದು, ನಮ್ಮ ತಾಲ್ಲೂಕು ಮಟ್ಟದ ಕೆಲಸಕ್ಕೆ ಹೊಂದುತ್ತದೆ.

ಸಾಫ್ಟ್‌ವೇರ್‌ನವರು ಡೆಮೋಗೆ ಬಂದಾಗ ಸ್ಲೈಡು ನೋಡುವುದಕ್ಕಿಂತ ಒಂದು ಕೆಲಸ ಕೊಡಿ. ಒಬ್ಬ ರೋಗಿಯ ಮೂರು ತಾರೀಖಿನ ಕ್ರಿಯಾಟಿನಿನ್ ಹಾಕಿಸಿ, ಅದನ್ನು ಫೈರ್ ರೂಪದಲ್ಲಿ ಹೊರಗೆ ತೆಗೆದು ತೋರಿಸಲು ಹೇಳಿ. 2160-0 ಕಾಣಬೇಕು, ಅಂಕಿ ಬೇರೆಯಾಗಿ, ಯೂನಿಟ್ ಬೇರೆಯಾಗಿ ಕಾಣಬೇಕು. ಬರೀ ಪಿಡಿಎಫ್ ಬಂದರೆ ಅವರ ‘ಫೈರ್ ರೆಡಿ’ ಎಷ್ಟು ರೆಡಿ ಅಂತ ಗೊತ್ತಾಗುತ್ತದೆ. ಅದೇ ರೋಗಿಯ ಹೆಸರನ್ನು ಕನ್ನಡದಲ್ಲಿ, ಹುಟ್ಟಿದ್ದನ್ನು ವರ್ಷ ಮಾತ್ರವಾಗಿ ಹಾಕಿಸಿ, ಎರಡೂ ಹಾಗೇ ಹೊರಬರುತ್ತವೆಯೇ ನೋಡಿ.

ಸಹಿ ಹಾಕುವ ಮುಂಚೆ ಒಪ್ಪಂದದಲ್ಲಿ ಎರಡು ಸಾಲು ಸೇರಿಸಿ. ಕೇಳಿದಾಗ ಎಲ್ಲ ರೋಗಿಗಳ ಪೂರ್ತಿ ದಾಖಲೆಯನ್ನು ಕೋಡ್, ಯೂನಿಟ್ ಸಮೇತ ಫೈರ್ ರೂಪದಲ್ಲಿ, ಚಿತ್ರಗಳನ್ನು ಡೈಕಾಂ ರೂಪದಲ್ಲಿ ಬೇರೆ ದುಡ್ಡು ಕೇಳದೆ ಕೊಡಬೇಕು. ನಿಮ್ಮ ಲ್ಯಾಬಿನ ಟೆಸ್ಟುಗಳಿಗೆ ಕೂತು ಹೊಂದಿಸಿದ ಲಾಯಿಂಕ್ ಪಟ್ಟಿ ಆಸ್ಪತ್ರೆಯ ಆಸ್ತಿಯಾಗಿರಬೇಕು, ಸಾಫ್ಟ್‌ವೇರ್ ಬದಲಾದರೂ ನಿಮ್ಮ ಕೈಯಲ್ಲೇ ಉಳಿಯಬೇಕು. ಎರಡನೇ ಸಾಲನ್ನು ಯಾರೂ ತಾವಾಗಿ ಬರೆಯುವುದಿಲ್ಲ, ನೀವೇ ಕೇಳಿ ಬರೆಸಿ.